ಮೊಳಕಾಲೆತ್ತರದ ಗೋಡೆ

"ಏ ರಂಡಿ, ಬುಟ್ಟಿ ಹೊರ್ತೀಯೋ ಮದುವಿ ಕಳಸ ಹೊರ್ತೀಯೋ? ತುಂಬ ಹಾಕಿಸ್ಕೊ!"

ಪಾಟೀಲ ಹಾವಗೆಪ್ಪ ಬೇವಿನ ನೆರಳಿನ ಹೊರಸಿನಿಂದಲೇ ಕೂಗಿದ. ಜಾಹೇದಾ ತಲೆಯ ಮೇಲಿನ ಬುಟ್ಟಿಯನ್ನು ಮತ್ತೆ ನೆಲಕ್ಕಿಳಿಸಿದಳು. ಗೋಡೆ ಅಗೆಯುತ್ತಿದ್ದ ಹೊಲಗೇರಿಯ ಈರಮ್ಮ ಇನ್ನೆರಡು ಹೆಂಟೆ ಎತ್ತಿ ಹಾಕಿದಳು. ಹಾಕುವಾಗ ಕಣ್ಣೆತ್ತಿ ನೋಡಲಿಲ್ಲ. ಯಾಕೆಂದರೆ ಆ ಗೋಡೆ ಜಾಹೇದಾಳದೇ. ಬೆಳಗಿನಿಂದ ಅವಳು ಹೊರುತ್ತಿದ್ದುದು ತನ್ನ ಮನೆಯ ಮಣ್ಣನ್ನೇ.

ಹಳೆ ಗೋಡೆಯ ಮಣ್ಣೆಂದರೆ ಸಗಣಿ ಗೊಬ್ಬರಕ್ಕಿಂತ ಜೋರು. ಒಲೆಯ ಹೊಗೆ, ಕೂಸಿನ ಉಚ್ಚೆ, ಮಳೆಗಾಲದ ಉಪ್ಪು ಎಲ್ಲವನ್ನೂ ವರ್ಷಗಟ್ಟಲೆ ಕುಡಿದು ಕೂತಿರುತ್ತದೆ. ಪಾಟೀಲನ ತೋಟದಲ್ಲಿ ಕಬ್ಬಿನ ಸಾಲು ಹೊಡೆದಾಗಿತ್ತು. ನಾಡಿದ್ದು ನಾಟಿ. ಜಾಹೇದಾ ತನ್ನ ಮನೆಯ ಮೂಡಣ ಗೋಡೆಯನ್ನು ಮೊದಲ ನಾಲ್ಕು ಸಾಲಿಗೆ ಸುರಿದಾಗಿತ್ತು. ಈಗ ಪಡುವಣ ಗೋಡೆಯ ಪಾಳಿ.

ಐದು ತಿಂಗಳ ಹಿಂದೆ, ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದ ವಾರ, ಅವಳ ಗಂಡ ಸುಭಾನನನ್ನು "ಬಾ, ಚಾವಡಿಗಿ ಕರೀಲಾಕತ್ತಾರ" ಎಂದು ಕರೆದುಕೊಂಡು ಹೋದವರು ತಿರುಗಿ ಬಂದರು. ಸುಭಾನ ಬರಲಿಲ್ಲ. ಅವನು ಪಿಂಜಾರ. ಊರಿನ ಗಾದಿಗಳಿಗೆಲ್ಲ ಹತ್ತಿ ಹಿಂಜಿ ಕೊಟ್ಟವನು. ಕೈಯಲ್ಲಿ ಹಿಡಿದದ್ದು ಹತ್ತಿ ಹಿಂಜುವ ಬಿಲ್ಲೊಂದೇ, ಬಂದೂಕಲ್ಲ. ನಿಜಾಮನ ಕಡೆಯ ರಜಾಕಾರರು ಬಂದಾಗ ಇಳಿಯುತ್ತಿದ್ದುದು ಪಾಟೀಲನ ವಾಡೆಯಲ್ಲಿ. ಅವರ ಮೈಗೆ ಮೆತ್ತಗಾಗಲೆಂದು ಪಾಟೀಲನೇ ಹೇಳಿ ಹೊಲಿಸಿದ ಗಾದಿಗಳನ್ನು ಹೊತ್ತು ಒಯ್ದುಕೊಟ್ಟಿದ್ದು ಸುಭಾನನ ತಪ್ಪು. ಪಾಟೀಲನ ತಲೆಯ ಮೇಲೆ ಈಗ ಕಾಂಗ್ರೆಸ್ಸಿನ ಬಿಳಿ ಟೋಪಿ ಇತ್ತು. ಸುಭಾನನ ಗೋರಿ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಜಾಹೇದಾ ಬೀದರಿನ ದಿಕ್ಕಿಗೆ ಓಡಿ ಅಷ್ಟೂರಿನ ಸುಲ್ತಾನರ ಗೋರಿಗಳೊಳಗೆ ನುಸುಳಿದ್ದಳು. ಅಲ್ಲಿ ಅವಳಂಥವರು ಬಹಳ ಜನ. ಆನೆ ಹೊಗುವಷ್ಟು ಎತ್ತರದ ಬಾಗಿಲು, ಮುಗಿಲಿನಂಥ ಗುಮ್ಮಟ, ಅದರ ಕೆಳಗೆ ಐನೂರು ವರ್ಷದಿಂದ ಹಾಯಾಗಿ ಮಲಗಿದ ಒಬ್ಬ ಸುಲ್ತಾನ. ಅವನ ಮಗ್ಗುಲಲ್ಲಿ ಹರಕು ಕೌದಿ ಹಾಸಿಕೊಂಡು ಒಂಬತ್ತು ಹೆಂಗಸರು. ಮಾಘದ ಚಳಿಯಲ್ಲಿ ಅವರಲ್ಲಿ ಇಬ್ಬರು ಸತ್ತರು. ಅವರನ್ನು ಮಾತ್ರ ಹೊರಗೆ ಒಯ್ದು ಬಯಲಲ್ಲಿ ಹೂಳಿದರು. ಓಡಿಹೋದವರು ತಿರುಗಿ ಬಂದರೆ ಅವರ ಮನೆ ಅವರಿಗೇ ಕೊಡಬೇಕೆಂದು ಹುಕುಮಾಗಿದೆ ಎಂಬ ಸುದ್ದಿ ಬಂದದ್ದೇ ತಡ, ಜಾಹೇದಾ ಭಾಲ್ಕಿಯ ದಾರಿ ಹಿಡಿದು ಎರಡು ದಿನ ನಡೆದು ಜಾವಳವಾಡಿಗೆ ಬಂದಳು.

ಬಂದರೆ ಮಾಡು ಇಲ್ಲ. ಬಾಗಿಲು, ತೊಲೆ, ಜಂತಿ ಎಲ್ಲ ಪಾಟೀಲನ ದನದ ಕೊಟ್ಟಿಗೆ ಸೇರಿದ್ದವು. ನಾಲ್ಕು ಗೋಡೆ ಮಾತ್ರ ಎದೆಮಟ್ಟ ನಿಂತಿದ್ದವು. ಅವಳು ಪಾಟೀಲನ ಕಾಲು ಹಿಡಿದಳು. ಪಾಟೀಲ ಅವತ್ತು ಬೈಯಲಿಲ್ಲ.

"ನಾಡ್ದ ಕಂದಾಯದ ಗಿರ್ದಾವರ ಮನಿ ಬರ್ಕೊಳ್ಳಾಕ ಬರ್ತಾನ. ಹಾಳ ಗ್ವಾಡಿ ನಿಂತಿದ್ರ ಏನ್ ಬರೀತಾನ? ಹಾಳು ಅಂತ ಬರೀತಾನ. ಜಾಗಾ ಸಾಫ್ ಮಾಡು, ನಿನ್ನ ಹೆಸರಿಗಿ ಬರಸ್ತೀನಿ. ಮಣ್ಣ ನನ್ನ ತ್ವಾಟಕ್ಕ ಹೊರು. ಸಂಜಿಗಿ ಜ್ವಾಳ ಹಾಕಸ್ತೀನಿ."

ಅವಳು ನಂಬಿದಳು. ನಂಬದೆ ಏನು ಮಾಡುತ್ತಾಳೆ? ಸಾವು ಕಂಡ ಮನೆಯ ಹಳೆ ಗೋಡೆಯ ಮೇಲೆ ಹೊಸ ಗೋಡೆ ಏಳಿಸಬಾರದು, ಬುಡಸಹಿತ ಕಿತ್ತು ಆಚೆ ಹಾಕಿಯೇ ಕಟ್ಟಬೇಕು ಎನ್ನುವುದು ಆ ಕಡೆಯ ರೂಢಿ. ಅವಳಪ್ಪನೂ ಹಾಗೆಯೇ ಮಾಡಿದ್ದ. ಎರಡು ದಿನ ಹೊತ್ತರೆ ಜಾಗ ಸಿಗುತ್ತದೆ, ಮೇಲೆ ಜೋಳ. ಅವಳು ಬುಟ್ಟಿ ಎತ್ತಿದಳು.

ಎರಡನೆಯ ದಿನ ಮಧ್ಯಾಹ್ನ ಒಂದು ಹೆಂಟೆ ಒಡೆದು ಅವಳ ಕೈಯಲ್ಲಿ ಬಿಳಿ ಹತ್ತಿಯ ಅರಳೆಯೊಂದು ಉಳಿಯಿತು. ಅವಳು ಒಮ್ಮೆಲೇ ನಕ್ಕುಬಿಟ್ಟಳು.

"ಯಾಕ ನಗಲಾಕತ್ತಿ?" ಈರಮ್ಮ ಕೇಳಿದಳು.

"ಗ್ವಾಡಿ ಕಟ್ಟಾಗ ಹುಲ್ಲು ಸಿಗಲಿಲ್ಲ ನೋಡು. ನನ್ನ ಗಂಡ ಹತ್ತಿ ಕಸಾನೇ ಮಣ್ಣಾಗ ಕಲಸಿದ. ನಮ್ದು ಮನಿ ಅಲ್ಲಲೇ, ಗಾದಿ, ಅಂತಿದ್ದ. ಮಳಿ ಹಿಡೀತಂದ್ರ ಗ್ವಾಡಿ ಉಬ್ಬಿ ನಿಮ್ಮ ಪಾಟೀಲನ ಹೊಟ್ಟಿ ಆಗ್ತಿತ್ತು."

ಈರಮ್ಮನಿಗೂ ನಗು ಬಂತು. ಬಂದದ್ದು ಹಾಗೇ ಮುಖದ ಮೇಲೆ ನಿಂತುಹೋಯಿತು. ಅವಳು ಸಲಿಕೆಯ ಹಿಡಿಗೆ ಗಲ್ಲ ಆನಿಸಿ ಉಳಿದಿದ್ದ ಬಡಗಣ ಗೋಡೆಯನ್ನು ನೋಡಿದಳು.

"ಜಾಹೇದಾಬೀ, ಇದೊಂದು ಗ್ವಾಡಿ ಬಿಟ್ರ ನಡೀತದೇನು?"

"ಯಾಕ?"

ಈರಮ್ಮ ಬೇವಿನ ಮರದ ಕಡೆ ನೋಡಿದಳು. "ಸುಮ್ಮ ಅಂದೆ. ಎತ್ತು, ಎತ್ತು."

ನೀರಡಿಕೆಯಾಗಿ ಇಬ್ಬರೂ ತೋಟದ ಬಾವಿಗೆ ಹೋದರು. ಎತ್ತು ಹೂಡಿ ತೊಗಲಿನ ಮೋಟೆಯಲ್ಲಿ ಬಾವಿಯ ನೀರೆತ್ತುವ ಪಂಢರಿ ತಂಬಿಗೆಯನ್ನು ಅವರ ಬೊಗಸೆಯ ಹತ್ತಿರಕ್ಕೆ ಇಳಿಸಲು ಹೋದ. ಪಾಟೀಲ ಅಲ್ಲಿಂದಲೇ ಕೂಗಿದ: "ಮ್ಯಾಲಿಂದ ಹಾಕೋ, ಭಾಡ್ಯಾ! ಒಬ್ಬಾಕಿ ಹೊಲತಿ, ಒಬ್ಬಾಕಿ ತುರಕಿ. ಎರಡೂ ಸೇರಿ ನನ್ನ ಬಾವಿ ಕೆಡಸ್ತಾವ." ಪಂಢರಿ ಎತ್ತರದಿಂದ ಸುರಿದ. ಅರ್ಧ ಬೊಗಸೆಗೆ ಬಿತ್ತು, ಅರ್ಧ ಎದೆಗೆ. ಪಾಟೀಲ ಅವರ ಒದ್ದೆಯಾದ ಎದೆಗಳನ್ನು ನೋಡುತ್ತ ಅಡಿಕೆ ಕತ್ತರಿಸಿದ.

ಸಂಜೆಯ ಹೊತ್ತಿಗೆ ಬಡಗಣ ಗೋಡೆಯೂ ಹೋಯಿತು. ಪಾಟೀಲ ಕಸಬರಿಗೆ ಕೊಟ್ಟು ನೆಲ ಗುಡಿಸಿಸಿದ. ಒಲೆಯಿದ್ದ ಕಪ್ಪು ಕಲೆಯ ಮೇಲೆ ಸಗಣಿ ಸಾರಿಸಿದ್ದೂ ಜಾಹೇದಾಳೇ. ಸಾರಿಸಿ ಎದ್ದು ನಿಂತು, ಬಾಗಿಲು ಈ ಸಲ ಯಾವ ದಿಕ್ಕಿಗಿಡಲಿ ಎಂದು ಯೋಚಿಸಿದಳು.

ಮರುದಿನ ಬಿಸಿಲೇರುವಾಗ ಟಾಂಗಾ ಬಂತು. ಗಿರ್ದಾವರ ಗುಲಾಮ ರಸೂಲ ಇಳಿದ. ಜಾಹೇದಾಳ ಜೀವ ಹೂವಾಯಿತು. ನಿಜಾಮನ ಕಾಲದಲ್ಲೂ ಅವನೇ ಗಿರ್ದಾವರ. ವಾಡೆಯಲ್ಲಿ ಸುಭಾನ ಹೊಲಿದ ಗಾದಿಯ ಮೇಲೆ ಕೂತು, ಗಡ್ಡ ನೀವಿಕೊಳ್ಳುತ್ತ, "ಶಾಬಾಶ್ ಸುಭಾನ" ಎಂದವನು. ಈಗ ಗಡ್ಡವಿರಲಿಲ್ಲ. ಬೋಳಿಸಿದ ಗಲ್ಲ ಹೊಸದಾಗಿ ಬೆಳ್ಳಗಿತ್ತು. ಅವಳು "ಸಲಾಮ್, ಸಾಬ" ಎಂದಳು. ಅವನು ಬೆಚ್ಚಿದವನಂತೆ ಪಾಟೀಲನ ಮುಖ ನೋಡಿ, ಪಾಟೀಲನಿಗೆ ಎರಡು ಕೈ ಮುಗಿದ.

ಬೇವಿನ ಕೆಳಗೆ ಮೇಜು ಹಾಕಿದ್ದರು. ಅವನು ಕಾಗದ ಬಿಚ್ಚಿದ.

"ಮನಿ ಎಲ್ಲದ?"

"ಇಲ್ಲೇ ಸಾಬ." ಅವಳು ಸಾರಿಸಿದ ನೆಲ ತೋರಿಸಿದಳು. "ಸಾಫ್ ಮಾಡೀನಿ. ಬರೀರಿ."

"ಏನ್ ಬರೀಲಿ? ಹುಕುಮ ಅದ. ಮೊಳಕಾಲ ಮಟ ಆದ್ರೂ ಗ್ವಾಡಿ ನಿಂತಿರಬೇಕು. ಇದ್ರ ಮನಿ, ಇದ್ದವರಿಗಿ ಕೊಡ್ತೀವಿ. ಇಲ್ಲಂದ್ರ ಅದು ಖಾಲಿ ಜಾಗಾ. ಖಾಲಿ ಜಾಗಾ ಪಾಟೀಲರ ತಾಬಾಕ್ಕ."

ಜಾಹೇದಾಳಿಗೆ ಮೊದಲು ತಿಳಿಯಲಿಲ್ಲ. ಅವನು ಮತ್ತೊಮ್ಮೆ ಹೇಳಿದ. ಅವಳು ಪಾಟೀಲನನ್ನು ನೋಡಿದಳು. ಪಾಟೀಲ ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಮೊನ್ನಿ ತನಕ ಎದಿಮಟ ಇತ್ರಿ, ಸಾಬ! ನಾನೇ ಹೊತ್ತು ಹಾಕೀನಿ. ಇವ್ರೇ ಹೊರು ಅಂದ್ರು!"

ಸುತ್ತ ನಿಂತವರು ನಕ್ಕರು. "ನಿನ್ನ ಮನಿ ನೀನೇ ಹೊತ್ತು ಚೆಲ್ಲಿ ಈಗ ಸರಕಾರಕ್ಕ ಕೊಡು ಅಂತಿ?" ಎಂದ ಪಾಟೀಲ. "ಐದು ತಿಂಗಳ ಗೋರ್ಯಾಗ ಮಲಗಿ ಬಂದಾಳ್ರಿ. ಜಿನ್ನ ಹೊಕ್ಕದ."

"ಈರವ್ವಂಗ ಕೇಳ್ರಿ, ಸಾಬ. ಅಗದಾಕಿ ಆಕೀನೇ."

ಗಿರ್ದಾವರ ಈರಮ್ಮನ ಕಡೆ ತಿರುಗಿದ. "ಏ, ಇಲ್ಲಿ ಗ್ವಾಡಿ ಇತ್ತೇನು?"

"ಹೇಳು ಈರೀ," ಎಂದ ಪಾಟೀಲ, ಬಹಳ ಮೆತ್ತಗೆ. "ಇತ್ತೋ ಇಲ್ಲೋ ಹೇಳು. ಹಂಗೇ ನಿನ್ನ ಗುಡಸಲಾ ಯಾರ ಜಾಗಾದಾಗ ಅದ ಅದೂ ಹೇಳಿಬಿಡು. ಸಾಹೇಬ್ರು ಒಮ್ಮಿಗೇ ಬರ್ಕೋತಾರ."

ಈರಮ್ಮನ ಕಾಲ ಹೆಬ್ಬೆರಳು ನೆಲವನ್ನು ಕೆದಕಿತು. "ನಾ... ನಾ ನೋಡಿಲ್ರಿ," ಎಂದಳು.

ಜಾಹೇದಾ ಓಡಿದಳು. ತೋಟದ ಸಾಲಿನಿಂದ ಒಂದು ಹೆಂಟೆ ಎತ್ತಿಕೊಂಡು ಏದುತ್ತ ಬಂದು ಗಿರ್ದಾವರನ ಮೇಜಿನ ಮೇಲೆ, ಕಾಗದದ ಮೇಲೆಯೇ ಕುಕ್ಕಿ ಒಡೆದಳು. ಕೆಂಪು ಮಣ್ಣಿನೊಳಗಿಂದ ಬಿಳಿ ಅರಳೆ ಇಣುಕಿತು.

"ಈ ಊರಾಗ ಹತ್ತಿ ಕಲಸಿದ ಗ್ವಾಡಿ ಇನ್ಯಾರದರ ಮನ್ಯಾಗ ಅದ ತೋರಸ್ರಿ! ಇದ್ರ ನಾ ಹುಚ್ಚಿ. ನೀವು ಆತನ ಗಾದಿ ಮ್ಯಾಲ ಕುಂತವ್ರು ಸಾಬ, ಹತ್ತಿ ಗುರ್ತ ಸಿಗಂಗಿಲ್ಲೇನು?"

ಗುಲಾಮ ರಸೂಲ ಅರಳೆಯನ್ನು ಎತ್ತಿಕೊಂಡ. ಎರಡು ಬೆರಳ ನಡುವೆ ಅದನ್ನು ತಿಕ್ಕಿದ. ಒಂದು ಗಳಿಗೆ ಅವನ ಕೈ ಗಡ್ಡ ಹುಡುಕುತ್ತ ಗಲ್ಲಕ್ಕೆ ಹೋಯಿತು. ಬೋಳು ಚರ್ಮ ತಾಕಿದ್ದೇ ಕೆಳಗಿಳಿಯಿತು. ಅವನು ಅರಳೆಯನ್ನು ಊದಿಬಿಟ್ಟ. ಕಾಗದದ ಮೇಲಿನ ಮಣ್ಣು ಝಾಡಿಸಿದ.

"ಈಗ ಎಲ್ಲಿಂದ ಬಂದಿ?"

"ಅಷ್ಟೂರ ಗೋರಿಯಿಂದ."

ಅವನು ಬರೆದ. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದ: "ಜಾಹೇದಾ, ವಾಸ ಅಷ್ಟೂರ. ಜಾವಳವಾಡಿಯೊಳಗ ಮನಿ ಇಲ್ಲ."

"ಗೋರಿ ನನ್ನ ಮನಿ ಅಂತ ಬರದೀರೇನು?"

"ಇರೋದು ಬರದೀನಿ."

"ಅಲ್ಲಿ ಮಾಡು ಭಾಳ ಎತ್ತರ ಅದ ತಂಗಿ," ಎಂದ ಪಾಟೀಲ. "ನಮ್ಮ ವಾಡೇಕ್ಕೂ ಅಷ್ಟ ಎತ್ತರ ಇಲ್ಲ. ಎರಡು ದಿನದ ಜ್ವಾಳ ಇಸ್ಕೊಂಡು ಹೋಗು." ಜನ ಮತ್ತೆ ನಕ್ಕರು. ಗಿರ್ದಾವರ ನಗಲಿಲ್ಲ. ಊಟಕ್ಕೆ ವಾಡೆಯೊಳಗೆ ಹೋದ.

ಜಾಹೇದಾ ಜೋಳಕ್ಕೆ ಸೆರಗೊಡ್ಡಲಿಲ್ಲ. ತೋಟಕ್ಕೆ ಹೋದಳು. ಬದುವಿನ ಮೇಲಿನ ಮೂರು ಕಲ್ಲು ತಂದು ಸಾಲುಗಳ ನಡುವೆ ಒಲೆ ಹೂಡಿದಳು. ಹೆಂಟೆಗಳನ್ನು ಆರಿಸಿ ಆರಿಸಿ ಒಂದರ ಪಕ್ಕ ಒಂದು ಇಡತೊಡಗಿದಳು. ಅರಳೆ ಕಂಡರೆ ತನ್ನದು, ಕಾಣದಿದ್ದರೆ ಪಾಟೀಲನದು. ಪಾಟೀಲನದನ್ನು ಆಚೆ ಎಸೆದಳು. ಗಿರ್ದಾವರನ ಊಟ ಮುಗಿಯುವ ಹೊತ್ತಿಗೆ ಗೋಡೆ ಒಂದು ಗೇಣು ಎದ್ದಿತ್ತು.

ಸುದ್ದಿ ಕೇಳಿ ಪಾಟೀಲ ಎಂಜಲುಗೈಯಲ್ಲೇ ಬದುವಿಗೆ ಬಂದ.

"ಏಳಲೇ ಹಾದರಗಿತ್ತಿ! ನನ್ನ ತ್ವಾಟದಾಗ ಮನಿ ಕಟ್ತೀಯಾ?"

"ನಿನ್ನ ತ್ವಾಟ ನನ್ನ ಮನ್ಯಾಗ ಅದ," ಎಂದಳು ಜಾಹೇದಾ, ತಲೆಯೆತ್ತದೆ. "ನೀನೇ ತೆಗಿ."

ಮುಟ್ಟಿ ಎಳೆದು ಹಾಕಲು ಅವನ ಟೋಪಿ ಬಿಡಲಿಲ್ಲ, ಗಿರ್ದಾವರ ಇನ್ನೂ ಊರಲ್ಲಿದ್ದ. ಅವನು ಬಾವಿಯ ಕಡೆ ತಿರುಗಿದ. "ಪಂಢರಿ! ಎತ್ತು ಹೂಡೋ. ಈ ಪಟ್ಟಿಗಿ ನೀರ ಬಿಡು. ಮಣ್ಣಿನ ಮನಿ ಹ್ಯಾಂಗ ನಿಂದರ್ತದ ನೋಡ್ತೀನಿ."

ಪಂಢರಿ ಬಾರುಕೋಲು ಹಿಡಿದು ಸುಮ್ಮನೆ ನಿಂತ.

"ಸೂಳಿಮಗನೇ, ನಿನಗೂ ಮನಿ ಬ್ಯಾಡಾಗೇದೇನು?"

ಎತ್ತುಗಳು ಇಳಿಜಾರಿಗಿಳಿದವು. ಗಾಲಿ ಕಿರುಗುಟ್ಟಿತು. ಮೋಟೆ ಮೇಲೆ ಬಂದು ಬುಳಬುಳನೆ ಕಾಲುವೆಗೆ ಸುರಿಯಿತು. ನೀರು ಹಾವಿನಂತೆ ತಲೆ ಹಾಕಿ ಮೊದಲ ಸಾಲು ಹೊಕ್ಕಿತು. ಹೆಂಟೆಗಳು ಸದ್ದಿಲ್ಲದೆ ಕೂತಲ್ಲೇ ಕುಸಿದವು. ಒಡೆದ ಮಣ್ಣಿನಿಂದ ಅರಳೆ ಬಿಡಿಸಿಕೊಂಡು ಒಂದೊಂದಾಗಿ ನೀರಿನ ಮೇಲೆ ತೇಲಿತು.

ಜಾಹೇದಾ ಇಡುವುದನ್ನು ನಿಲ್ಲಿಸಿದಳು. ನೀರು ಬರುವ ದಿಕ್ಕಿಗೆ ಬೆನ್ನು ಕೊಟ್ಟು, ಒಲೆಯನ್ನು ತೊಡೆಗಳ ನಡುವೆ ಮಾಡಿಕೊಂಡು, ಗೋಡೆ ಇದ್ದಲ್ಲಿ ಕೂತುಬಿಟ್ಟಳು.

ಹಿಂದೆ ಪಚಪಚ ಹೆಜ್ಜೆ ಕೇಳಿತು. ಈರಮ್ಮ. ಸೀರೆ ಮೊಳಕಾಲ ಮೇಲೆ ಕಟ್ಟಿದ್ದಳು.

"ಸರಿ ಅತ್ತಾಗ," ಎಂದಳು.

"ಹೋಗು. ನೀ ನೋಡಿಲ್ಲಲ್ಲ."

"ನಂಗ ಮೊದಲೇ ಗೊತ್ತಿತ್ತು, ಜಾಹೇದಾಬೀ. ಮೊಳಕಾಲ ಮಾತು ಗೊತ್ತಿದ್ದೇ ಅಗದೀನಿ. ಬೈತಿದ್ರ ಬೈ. ಸರಿ."

"ನಿನ್ನ ಗುಡಸಲಾ ಕೀಳ್ತಾನ."

"ಕಿತ್ತು ಏನ್ ಮಾಡ್ತಾನ, ಅದ್ರಾಗ ಹತ್ತಿನೂ ಇಲ್ಲ."

ಈರಮ್ಮ ಅವಳಿಗೆ ಅಡ್ಡಲಾಗಿ, ಮೂಲೆ ಕೂಡಿಸಿದ ಹಾಗೆ ಕೂತಳು. ಪಾಟೀಲ ಬದುವಿನ ಮೇಲೆ ಕುಣಿಯುತ್ತಿದ್ದ. ಅವನ ಬಾಯಲ್ಲಿ ಬಂದದ್ದೆಲ್ಲ ಅವರ ಅವ್ವಂದಿರ ಸುದ್ದಿ.

ಅಷ್ಟರಲ್ಲಿ ತೋಟದ ಅಂಚಿನ ದಾರಿಯಲ್ಲಿ ಟಾಂಗಾ ಬಂತು. ಜಾಹೇದಾ ಗಂಟಲು ಹರಿಯುವ ಹಾಗೆ ಕೂಗಿದಳು:

"ಸಾಬ! ಮೊಳಕಾಲ ಮಟ ಗ್ವಾಡಿ ಬೇಕಂದ್ರಲ್ಲ! ಎರಡು ಗ್ವಾಡಿ ನಿಂತಾವ, ಎದಿಮಟ! ಇಳದು ಬರ್ರಿ, ಅಳೀರಿ!"

ಗುಲಾಮ ರಸೂಲ ತಿರುಗಿ ನೋಡಿದ. ಟಾಂಗಾದವನು ಲಗಾಮು ಜಗ್ಗಿ ನಿಧಾನ ಮಾಡಿದ. ಗಿರ್ದಾವರ ಅವನ ಭುಜ ತಟ್ಟಿದ. ಟಾಂಗಾ ಧೂಳೆಬ್ಬಿಸಿಕೊಂಡು ಹೋಯಿತು.

ಪಂಢರಿಯ ಎತ್ತುಗಳು ಹಿಂದೆ ಸರಿದವು. ಮೋಟೆ ಮತ್ತೆ ಬಾವಿಗಿಳಿಯಿತು. ಹೆಂಗಸರಿಬ್ಬರ ಬೆನ್ನಿಗೆ ಬಂದು ತಡೆದು ನಿಂತ ಕೆಂಪು ನೀರು ಮುಂದಿನ ಸಾಲಿಗೆ ಹೋಗಲಾರದೆ ಅಲ್ಲೇ ಸುತ್ತುತ್ತಿತ್ತು. ಅದರ ಮೇಲಿನ ಬಿಳಿ ಅರಳೆ ಒಂದೊಂದೇ ಅವರ ಸೀರೆಗೆ ಹತ್ತಿಕೊಳ್ಳುತ್ತಿತ್ತು.