ಮಾವನ ಹಾಕಿ ಸ್ಟಿಕ್ಕು

"ನೆಟ್ಟಗೆ ನಿಂತ್ಕೊ ಮಾರಾಯ್ತಿ, ಬಗ್ಗಿದ್ರೆ ಅಳತೆ ತಪ್ಪುತ್ತೆ," ಎಂದರು ರಾಮಚಂದ್ರಪ್ಪ. ನಡುಮನೆಯಲ್ಲಿ ಬರಿಗಾಲಲ್ಲಿ ನಿಂತಿದ್ದ ಸೊಸೆ ಶೀಲಾಳ ಪಕ್ಕಕ್ಕೆ ತಮ್ಮ ಹಳೆಯ ಹಾಕಿ ಸ್ಟಿಕ್ಕನ್ನು ಹಿಡಿದು, ಅವಳ ಸೊಂಟದ ಮೂಳೆಯ ನೇರಕ್ಕೆ ಪೆನ್ಸಿಲಿನಿಂದ ಗೆರೆ ಎಳೆದರು. ಗರಗಸ ಅಲ್ಲೇ ಸಿದ್ಧವಾಗಿತ್ತು.

"ಕೊಯ್ಯೋದು ಬೇಡ ಮಾವ. ಶಿವಮೊಗ್ಗದಲ್ಲಿ ಬೇರೆ ತಗೊಳ್ತೀನಿ."

"ಬೇರೆ ಯಾಕೆ? ಇದೇನು ನಿಂಗೆ ಕಚ್ಚುತ್ತಾ?"

ಭದ್ರಾವತಿಯ ಕಾರ್ಖಾನೆ ತಂಡಕ್ಕೆ ಅವರು ಆಡುತ್ತಿದ್ದ ಕಾಲದ ಸ್ಟಿಕ್ ಅದು. ಮಗ ನಾಗೇಶನಿಗೂ ಮುಟ್ಟಲು ಬಿಟ್ಟವರಲ್ಲ. ಮಾಚೇನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಸೊಸೆ, ನಲವತ್ತು ದಾಟಿದ ಮೇಲೆ ಮತ್ತೆ ಹಾಕಿ ಆಡುತ್ತೇನೆಂದಾಗ ಮಾತ್ರ ಬೀರುವಿನ ಮೇಲಿಂದ ಇಳಿಸಿ ಕೈಗಿಟ್ಟಿದ್ದರು. ಅವರ ಸಂಭ್ರಮ ನೋಡಿ ಶೀಲಾ ಕರಗಿಹೋಗಿದ್ದಳು. ಆದರೆ ಆರಡಿ ಮಾವನ ಸ್ಟಿಕ್ ಐದಡಿ ಸೊಸೆಗೆ ಹೊಂದೀತು ಹೇಗೆ? ಹೊಡೆಯಹೋದಾಗಲೆಲ್ಲ ಹಿಡಿಯ ತುದಿ ಹೊಟ್ಟೆಗೆ ತಿವಿಯುತ್ತಿತ್ತು. "ನಿನ್ನ ಸೈಜಿಂದು ತಾರೆ, ಇಲ್ಲಾ ಭಾನುವಾರದ ಮ್ಯಾಚಿಗೆ ಹೊರಗೆ ಕೂತ್ಕೊ," ಎಂದು ಕ್ಯಾಪ್ಟನ್ ಸುಷ್ಮಾ ಮುಖಕ್ಕೇ ಹೇಳಿದ್ದಳು. ಇದು ಮಾವನ ಕಿವಿಗೆ ಬೀಳಬಾರದೆಂದರೆ ನಾಗೇಶನ ಬಾಯಲ್ಲಿ ಮಾತು ನಿಲ್ಲಬೇಕಲ್ಲ! ಊಟಕ್ಕೆ ಕೂತವನೇ ಎಲ್ಲ ಉಸುರಿಬಿಟ್ಟಿದ್ದ.

ರಾಮಚಂದ್ರಪ್ಪ ಹಿಡಿಯನ್ನೊಮ್ಮೆ ಸವರಿದರು, ಕೊಯ್ದೇಬಿಟ್ಟರು. ಶೀಲಾಗೆ ನೋಡಲಾಗಲಿಲ್ಲ, ಅಡುಗೆಮನೆಗೆ ಹೋದಳು. ತಿರುಗಿ ಬಂದಾಗ ಮಾವ ಹೊಸ ಗ್ರಿಪ್ ಸುತ್ತುತ್ತಾ ಮಗುವಿನಂತೆ ನಗುತ್ತಿದ್ದರು.

ಮರುದಿನವೇ ಭಾನುವಾರ. ಎದುರಾಳಿಗಳಾದ ಶಿವಮೊಗ್ಗದ ಹೆಂಗಸರ ತಂಡ ಮೈದಾನಕ್ಕೆ ಬಂದಿಳಿದಿತ್ತು. ದಪ್ಪ ಅಟ್ಟೆಯ ಶೂ ಕಟ್ಟಿಕೊಂಡು ಶೀಲಾ ಚೆಂಡಿಗೆ ಬೀಸಿದಳು. ತಾಗಲಿಲ್ಲ. ಇನ್ನೊಮ್ಮೆ ಬೀಸಿದಳು, ಚೆಂಡಿನ ನೆತ್ತಿ ಸವರಿಕೊಂಡು ಹೋಯಿತು. ಈಗ ಸ್ಟಿಕ್ ಗಿಡ್ಡ!

ಗೆರೆಯಾಚೆ ಕುರ್ಚಿ ಹಾಕಿಕೊಂಡಿದ್ದ ರಾಮಚಂದ್ರಪ್ಪನವರ ಮುಖ ಬಾಡಿತು. "ಥೂ, ಶೂ ಲೆಕ್ಕಕ್ಕೇ ತಗೊಳ್ಳಿಲ್ವಲ್ಲಮ್ಮ. ನಾವೆಲ್ಲ ಬರಿಗಾಲಲ್ಲೇ ಆಡಿದ್ದು... ಹಾಳು ಮಾಡ್ಬಿಟ್ಟೆ."

ಸುಷ್ಮಾ ಬೇರೊಂದು ಸ್ಟಿಕ್ ತಂದು ಚಾಚಿದಳು. "ತಗೊಳೆ, ಇದು ಸರಿಯಾಗತ್ತೆ. ಟೈಮಾಯ್ತು."

ಸರಿಯಾಗಿಯೇ ಇತ್ತು. ಶೀಲಾ ಮಾವನ ಕಡೆ ನೋಡಿದಳು.

"ಅದ್ರಲ್ಲೇ ಆಡಮ್ಮ," ಎಂದು ಅವರು ಸುಷ್ಮಾ ತಂದ ಸ್ಟಿಕ್ಕಿನತ್ತ ಕೈ ತೋರಿದರು.

ಶೀಲಾಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಆ ಸ್ಟಿಕ್ಕನ್ನು ಸುಷ್ಮಾಗೆ ವಾಪಸು ಕೊಟ್ಟು, ನೆಲಕ್ಕೆ ಕೂತು ಲೇಸು ಬಿಚ್ಚತೊಡಗಿದಳು.

"ಏನೇ ಇದು! ಕಲ್ಲು ಚುಚ್ಚುತ್ತೆ ಕಣೆ!"

"ಚುಚ್ಲಿ ಬಿಡು. ನಮ್ಮ ಮಾವ ಅಳತೆ ತಗೊಂಡಿದ್ದು ಹಿಂಗೇನೇ."

ಅಂಪೈರ್ ಸೀಟಿ ಊದಿದರು. ಕೊಯ್ದ ಸ್ಟಿಕ್ ಹಿಡಿದು ಶೀಲಾ ಬರಿಗಾಲಲ್ಲೇ ಓಡಿದಳು. ರಾಮಚಂದ್ರಪ್ಪ ಕುರ್ಚಿಯಿಂದೆದ್ದು, ಬಗ್ಗಿ, ಸೊಸೆಯ ಶೂಗಳನ್ನು ಎತ್ತಿಕೊಂಡರು. ಮಣ್ಣು ಕೊಡವಿ, ಬಿಳಿ ಪಂಚೆಯುಟ್ಟ ತೊಡೆಯ ಮೇಲಿಟ್ಟುಕೊಂಡು ಆಟ ನೋಡುತ್ತಾ ಕೂತರು.