ಪರೀಕ್ಷೆಗೆ ಕೊಟ್ಟ ಕೇಸು

ಜ್ಯೋತಿಲಕ್ಷ್ಮಿಗೆ ವಕೀಲಿ ಸನ್ನದು ಸಿಕ್ಕು ಎಂಟು ತಿಂಗಳಾಗಿತ್ತು. ಕರಿ ಕೋಟು ಮಾತ್ರ ಬಾದನಹಟ್ಟಿಯ ಮನೆಯ ಗೂಟಕ್ಕೇ ತೂಗುತ್ತಿತ್ತು. ಅವರ ವಂಶದಲ್ಲಿ ವಕೀಲರಾದವರಿರಲಿ, ವಕೀಲರ ಎದುರು ಕುರ್ಚಿಯ ಮೇಲೆ ಕೂತವರೂ ಇರಲಿಲ್ಲ. ತಾಯಿ ಹನುಮಮ್ಮ ಊರ ಸಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಮಗಳು ಮುಖ ಸಣ್ಣದು ಮಾಡಿದಾಗಲೆಲ್ಲ, "ವಕೀಲ್ರ ಮಗಳು ವಕೀಲಿ ಆದ್ರ ಅದೇನ್ ಸುದ್ದಿ? ಅಡಿಗಿ ಮಾಡಾಕಿ ಮಗಳು ಆಗ್ಬೇಕು, ಅದು ಸುದ್ದಿ. ಸುಮ್ನ ಅರ್ಜಿ ಹಾಕವ್ವಾ" ಎನ್ನುತ್ತಿದ್ದಳು.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿರುವ ದೊಡ್ಡ ವಕೀಲರ ಆಫೀಸೊಂದಕ್ಕೆ ತರಬೇತಿ ವಕೀಲರು ಬೇಕಾಗಿದ್ದಾರೆ ಎಂದು ಪೇಪರಿನಲ್ಲಿ ಬಂದದ್ದೇ ತಡ, ಅವಳು ಅರ್ಜಿ ಹಾಕಿದಳು. ಜುಲೈ ಮೊದಲ ವಾರದಲ್ಲಿ ಮೇಲ್ ಬಂತು. ಸಂದರ್ಶನಕ್ಕೂ ಮೊದಲು ಬರವಣಿಗೆಯ ಪರೀಕ್ಷೆ. ಒಂದು ರೈಸ್ ಮಿಲ್ಲು. ಅದರ ಬಿಸಿನೀರು ತನ್ನ ಹೊಲಕ್ಕೆ ಹರಿದು ನೆಲ್ಲು ಕೆಟ್ಟಿತೆಂದು ಪಕ್ಕದ ಹೊಲದ ಹೆಂಗಸು ದಾವೆ ಹೂಡಿದ್ದಾಳೆ. "ಇದು ಕಾಲ್ಪನಿಕ ಪ್ರಕರಣ. ಮಿಲ್ಲಿನ ಪರವಾಗಿ ಕನ್ನಡದಲ್ಲಿ ತಕರಾರು ಬರೆದು ಎರಡು ದಿನದಲ್ಲಿ ಕಳಿಸಿ. ಬೇಕಾದ ಸಂಗತಿಗಳನ್ನು ನೀವೇ ಕಲ್ಪಿಸಿಕೊಳ್ಳಬಹುದು" ಎಂದಿತ್ತು. ತಕರಾರೆಂದರೆ ದಾವೆಗೆ ಎದುರುಪಕ್ಷದವರು ಬರೆದು ಕೊಡುವ ಉತ್ತರ.

ಎರಡು ದಿನ ಅವಳಿಗೆ ಅನ್ನ ನೀರಿನ ಮೇಲೆ ಧ್ಯಾಸ ಇರಲಿಲ್ಲ. ಕಾಲುವೆ ಸೀಮೆಯಲ್ಲಿ ಹುಟ್ಟಿದವಳಿಗೆ ನೀರಿನ ಜಗಳ ಹೊಸದೇ? ಇಲ್ಲದ ಹೆಂಗಸನ್ನು ಮನಸ್ಸಿನಲ್ಲೇ ನಿಲ್ಲಿಸಿಕೊಂಡು, ಅವಳ ಮೇಲೆ ಇಲ್ಲದ ತಪ್ಪುಗಳನ್ನು ಹೊರಿಸಿ, ಕುರುಗೋಡಿನ ಡಿಟಿಪಿ ಅಂಗಡಿಯಲ್ಲಿ ಕೂತು ಹನ್ನೊಂದು ಪುಟ ಟೈಪು ಮಾಡಿಸಿ ಕಳಿಸಿದಳು. ಬಸ್ಸಿನಲ್ಲಿ ಮನೆಗೆ ಬರುವಾಗ ತನ್ನ ಬರಹವನ್ನು ತಾನೇ ಫೋನಿನಲ್ಲಿ ಮೂರು ಸಲ ಓದಿಕೊಂಡಳು. ಚಲೋ ಬಂದಿತ್ತು. ಅದು ಅವಳಿಗೇ ಗೊತ್ತಾಗುತ್ತಿತ್ತು.

ವಾರದ ಮೇಲೆ ಸಂದರ್ಶನ. ಆಫೀಸಿನ ಹಿರಿಯರು ವಿರೂಪಾಕ್ಷಿ ವಕೀಲರು. ಪಕ್ಕದಲ್ಲಿ ಆಫೀಸು ನೋಡಿಕೊಳ್ಳುವ ಶೈಲಜಾ ಮೇಡಂ. ತಕರಾರಿನ ಬಗ್ಗೆ ಒಂದು ಮಾತನ್ನೂ ಅವರು ಎತ್ತಲಿಲ್ಲ. ವಿರೂಪಾಕ್ಷಿ ಅವಳ ಅರ್ಜಿಯ ಮೇಲೆ ಬೆರಳಿಟ್ಟರು.

"ಬಾದನಹಟ್ಟ್ಯಾಗ ಯಾವ ಓಣಿ?"

ಈ ಪ್ರಶ್ನೆ ಟಪಾಲಿನವನು ಕೇಳಿದರೆ ಒಂದು ಅರ್ಥ, ಇವರು ಕೇಳಿದರೆ ಇನ್ನೊಂದು. ಸಾಲೆಗೆ ಸೇರಿದ ದಿನದಿಂದ ಈ ವ್ಯತ್ಯಾಸ ಅವಳಿಗೆ ಗೊತ್ತು.

"ಊರ ಕಡೀ ಓಣಿ ಸರ್."

"ಹಾಂ ಹಾಂ," ಎಂದು ವಿರೂಪಾಕ್ಷಿ ಪೆನ್ನಿನ ಟೊಪ್ಪಿಗೆ ಮುಚ್ಚಿದರು. "ನಿಮ್ಮ ಮಂದ್ಯಾಗ ಈಗ ಭಾಳ ಹುಡುಗ್ರು ಓದಾಕ ಹತ್ಯಾರ. ಚಲೋದು."

ಅಷ್ಟೇ. ನಾಲ್ಕು ದಿನಕ್ಕೆ ಮೇಲ್ ಬಂತು: "ನಿಮ್ಮ ಬರವಣಿಗೆ ನಮ್ಮ ಕಚೇರಿಯ ಮಟ್ಟಕ್ಕೆ ಇಲ್ಲ. ಇನ್ನೂ ಪಕ್ವವಾಗಬೇಕು."

ಓಣಿಯ ಮಾತು ಅವಳಿಗೆ ಹೊಸ ನೋವೇನಲ್ಲ. ಬರವಣಿಗೆಯ ಮಾತು ಒಳಗೆ ಇಳಿಯಿತು. ಅದನ್ನು ಅವಳು ನಂಬಿಬಿಟ್ಟಳು. ಚಲೋ ಬಂದೈತಿ ಅಂದುಕೊಂಡಿದ್ದೇ ದೊಡ್ಡ ತಪ್ಪೆಂದು ನಾಚಿ, ಆ ಹನ್ನೊಂದು ಪುಟಗಳನ್ನು ಮತ್ತೆ ತೆರೆದು ನೋಡಲೂ ಇಲ್ಲ.

ಲಾ ಕಾಲೇಜಿನಲ್ಲಿ ಜೊತೆಗೆ ಓದಿದ ಕರಿಬಸವನಿಗೂ ಅದೇ ಆಫೀಸಿನಿಂದ ಅದೇ ಉತ್ತರ ಬಂದಿತ್ತು. ಅವನು ಬೇಸತ್ತು ಅಪ್ಪನ ಗೊಬ್ಬರದಂಗಡಿಯಲ್ಲಿ ಕೂತಿದ್ದ. "ಸಿರುಗುಪ್ಪದಾಗ ಕೊಟ್ರಬಸಪ್ಪ ಅಂತ ಹಳೇ ವಕೀಲ್ರು ಅದಾರ, ಜೂನಿಯರ್ ಹುಡುಕಾಕ ಹತ್ಯಾರಂತ. ನೀನರ ಹೋಗು" ಎಂದ.

ಕೊಟ್ರಬಸಪ್ಪನವರಿಗೆ ಎಪ್ಪತ್ತು ದಾಟಿತ್ತು. ಕೋರ್ಟಿನ ಎದುರಿನ ಒಂದೇ ಕೋಣೆಯ ಆಫೀಸು. ಅವರು ಕೇಳಿದ್ದು ಒಂದೇ ಪ್ರಶ್ನೆ. "ನೆಟ್ಟಗ ಓದಿ ಹೇಳಾಕ ಬರ್ತೈತೇನವ್ವಾ? ನನ್ನ ಕಣ್ಣು ಮೋಸ ಮಾಡ್ಯಾವ."

"ಬರ್ತೈತ್ರಿ ಸರ್."

"ಹಂಗಾರ ಕುಂದ್ರು."

ಅಲ್ಲಿಗೆ ಸೇರಿ ಮೂರು ವಾರವಾಗಿತ್ತು. ಒಂದು ದಿನ ಎರ್ರಮ್ಮ ಎಂಬ ಹೆಂಗಸು ಬಂದು ಬೆಂಚಿನ ಮೇಲೆ ಕೂತಳು. ಐವತ್ತರ ಆಸುಪಾಸು, ಬಿಸಿಲಿಗೆ ಸುಟ್ಟ ಗಟ್ಟಿ ಮೈ. ಊರಾಚೆ ಹಾಲಸಿದ್ದಪ್ಪನ ರೈಸ್ ಮಿಲ್ಲಿಗೆ ಅಂಟಿಕೊಂಡಂತೆ ಎರಡು ಎಕರೆ ಹೊಲ ಇತ್ತು ಅವಳಿಗೆ. ಮಿಲ್ಲಿನ ನೀರು ನಿಲ್ಲಿಸಿಕೊಡಿ ಎಂದು ಅವಳ ಪರವಾಗಿ ಕೊಟ್ರಬಸಪ್ಪ ಮೇ ತಿಂಗಳಲ್ಲೇ ದಾವೆ ಹಾಕಿದ್ದರು. ಮಿಲ್ಲಿನವರ ತಕರಾರು ಹಿಂದಿನ ದಿನ ಬಂದಿತ್ತು.

"ಓದವ್ವಾ, ಆಕೀನೂ ಕೇಳ್ಲಿ," ಎಂದರು ಕೊಟ್ರಬಸಪ್ಪ.

ರೈಸ್ ಮಿಲ್ಲು ಎಂದಾಗಲೇ ಜ್ಯೋತಿಗೆ ಒಂಥರಾ ಆಗಿತ್ತು. ಈ ಸೀಮೆಯಲ್ಲಿ ರೈಸ್ ಮಿಲ್ಲಿಗೇನು ಬರ ಎಂದು ಸುಮ್ಮನಾಗಿದ್ದಳು. ಮೊದಲ ಪುಟ ಓದಿದಳು. ಎರಡನೇ ಪುಟಕ್ಕೆ ಬಂದಾಗ, ಕಣ್ಣು ಮುಟ್ಟುವ ಮೊದಲೇ ನಾಲಿಗೆ ವಾಕ್ಯ ಮುಗಿಸುತ್ತಿತ್ತು. "ನೀರು ಮಾಲೀಕನ ಹೆಸರು ಕೇಳಿ ಹರಿಯುವುದಿಲ್ಲ, ಇಳಿಜಾರು ಕಂಡಲ್ಲಿ ಹರಿಯುತ್ತದೆ..." ನಿಲ್ಲಿಸುವ ಬುದ್ಧಿ ಹೊಳೆಯದೆ ಮುಂದಕ್ಕೆ ಓದಿದಳು. "ವಾದಿಯು ಮೂರು ವರ್ಷಗಳಿಂದ ತನ್ನ ಬಸಿಗಾಲುವೆಯ ಹೂಳು ತೆಗೆದಿರುವುದಿಲ್ಲ. ಜೂನ್ 31ರಂದು ಪ್ರತಿವಾದಿಯು ಖುದ್ದಾಗಿ ಹೋಗಿ ನೋಡಲಾಗಿ, ಕಾಲುವೆಯಲ್ಲಿ ಆಪು ಹುಲ್ಲು ಬೆಳೆದು ನೀರು ಕಟ್ಟಿಕೊಂಡಿತ್ತು. ವಾದಿಯು ತನ್ನ ಆಲಸ್ಯದಿಂದ ಹೊಲ ಕೆಡಿಸಿಕೊಂಡು, ಮಿಲ್ಲಿನಿಂದ ಹಣ ಕೀಳುವ ದುರುದ್ದೇಶದಿಂದ..."

ಎರ್ರಮ್ಮ ಎದ್ದು ನಿಂತಿದ್ದಳು.

"ಯಾರು ಆಲಸಿ? ನಾನಾ? ಗಂಡ ಸತ್ತು ಹದಿನಾಕು ವರ್ಷ ಆತು. ವರ್ಷಾ ವರ್ಷಾ ಸಲಿಕಿ ಹಿಡ್ದು ಆ ಕಾಲಿವ್ಯಾಗ ಇಳಿಯಾಕಿ ನಾನು. ನನ್ನ ಮೊಣಕಾಲು ಹೋಗಿದ್ದ ಆ ಕೆಸರಿನಾಗ. ರೊಕ್ಕ ಕೀಳಾಕಿ ಅಂತ ಬರ್ದಾನಲ್ಲ, ಯಾವನವನು? ಅವನ ಕೈ ಸೇದಿ ಹೋಗ!"

ಜ್ಯೋತಿ ಕಲ್ಪಿಸಿದ ಹೆಂಗಸು ಮೊಣಕಾಲು ಹಿಡಿದುಕೊಂಡು ಎದುರಿಗೇ ನಿಂತಿದ್ದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಬೈಗುಳ ಬಂದು ಬಿದ್ದದ್ದು ಅವಳ ಮೇಲೆ. ಅದನ್ನು ವಿರೂಪಾಕ್ಷಿಯ ಲೆಕ್ಕಕ್ಕೆ ಬಿಟ್ಟು ಸುಮ್ಮನಿರಲು ಆಗಲಿಲ್ಲ.

"ಯಮ್ಮಾ," ಎಂದಳು, "ಅದನ್ನ ಬರ್ದಾಕಿ ನಾನು."

ಎಲ್ಲವನ್ನೂ ಹೇಳಿದಳು. ಪರೀಕ್ಷೆ, ಕಾಲ್ಪನಿಕ ಪ್ರಕರಣ, ಎರಡು ದಿನ. ಫೋನು ತೆಗೆದು ಮೇಲ್ ತೋರಿಸಿದಳು. ಆತುರದಲ್ಲಿ ಬರೆದ ಜೂನ್ ಮೂವತ್ತೊಂದು ಎಂಬ ಇಲ್ಲದ ತಾರೀಖು ಕೂಡ ಹಾಗೇ ಇತ್ತು. ಒಂದಕ್ಷರವೂ ಬದಲಾಗಿರಲಿಲ್ಲ, ಕೊನೆಯಲ್ಲಿ ವಿರೂಪಾಕ್ಷಿಯ ಸೈ, ಪಕ್ಕದಲ್ಲಿ "ಇದೆಲ್ಲ ಸತ್ಯ" ಎಂದು ಹಾಲಸಿದ್ದಪ್ಪನ ಸೈ ಇತ್ತು.

ಎರ್ರಮ್ಮ ಅವಳನ್ನು ದಿಟ್ಟಿಸಿ ನೋಡಿದಳು. "ಓದಿದಾಕಿ ಅದಿ. ಇಲ್ಲದ್ದು ಬರಿ ಅಂದ್ರ ಬರ್ದುಬಿಡ್ತೀಯಾ?" ಎಂದಳು. ಉತ್ತರಕ್ಕೆ ಕಾಯದೆ ಹೊರಟೇಹೋದಳು.

ಕೊಟ್ರಬಸಪ್ಪ ತಕರಾರಿನ ಕೊನೆಯ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಸೈ ನೋಡಿದರು. "ನೀನು ಕಲ್ಪನಿ ಮಾಡಿದ್ದಕ್ಕ ಆ ಮನಷಾ ಪ್ರಮಾಣ ಮಾಡ್ಯಾನಲ್ಲವ್ವಾ," ಎಂದರು. "ನಲವತ್ತೈದು ವರ್ಷದಾಗ ಇಂಥಾದ್ದು ನೋಡಿದ್ದಿಲ್ಲ."

ಅವಳು ಕರಿಬಸವನಿಗೆ ಫೋನು ಮಾಡಿದಳು. ನಿನಗೆ ಯಾವ ಕೇಸು ಕೊಟ್ಟಿದ್ದರು? ಬಾಡಿಗೆ ಮಳಿಗೆ ಖಾಲಿ ಮಾಡಿಸುವ ದಾವೆ, ಎಂದ. ಎರಡು ದಿನ ಬಿಟ್ಟು ಅವನೇ ಫೋನು ಮಾಡಿದ, ದನಿ ಗಟ್ಟಿಯಾಗಿತ್ತು. "ನಂದೂ ಬಳ್ಳಾರಿ ಕೋರ್ಟಿನಾಗ ಐತಿ ಜ್ಯೋತಿ. ಮಳಿಗಿ ನಂಬರ್ ಒಂದು ಬದ್ಲಿ ಮಾಡ್ಯಾರ, ಅಷ್ಟ. ಪ್ರತಿ ಸಲಾನೂ ಹತ್ತು ಹದಿನೈದು ಮಂದೀನ ಕರೀತಾರ, ಬರೆಸ್ಕಂತಾರ, ಒಬ್ಬರನ್ನೂ ತಗಳಂಗಿಲ್ಲ."

ಅವತ್ತು ಅವಳಿಗೆ ಬಂದ ಸಿಟ್ಟು ಅಂತಿಂಥದ್ದಲ್ಲ. ಕದ್ದದ್ದಕ್ಕೆ ಬಂದ ಸಿಟ್ಟು ಒಂದು ಪಾಲು. ಕದ್ದು, ಮೇಲೆ ಕೆಟ್ಟದ್ದೆಂದು ಹೇಳಿ, ಅದನ್ನು ತಾನು ನಂಬಿ ನಾಚಿ ಕೂರುವಂತೆ ಮಾಡಿದ್ದಕ್ಕೆ ಬಂದ ಸಿಟ್ಟು ಮೂರು ಪಾಲು. ಮರುದಿನ ಬೆಳಗ್ಗೆಯೇ ಬಳ್ಳಾರಿ ಬಸ್ಸು ಹತ್ತಿದಳು.

ಶೈಲಜಾ ಮೇಡಂ ಬಾಗಿಲಲ್ಲೇ ತಡೆದರು. ಅಪಾಯಿಂಟ್‌ಮೆಂಟ್ ಇಲ್ಲ ಎಂದರು. ಜ್ಯೋತಿ ಎರಡು ತಕರಾರುಗಳನ್ನೂ ಅಕ್ಕಪಕ್ಕ ಹಿಡಿದು ಅವರ ಮುಖದೆದುರು ನಿಂತಳು. ಮೇಡಂ ಓದಿದರು. ಬಾಗಿಲು ಬಿಟ್ಟರು.

ವಿರೂಪಾಕ್ಷಿ ಹೌಹಾರಲಿಲ್ಲ. "ಕುಂದ್ರು," ಎಂದರು. ಅವಳು ಕೂರಲಿಲ್ಲ.

"ನನ್ನ ಬರವಣಿಗಿ ನಿಮ್ಮ ಮಟ್ಟಕ್ಕಿಲ್ಲ ಅಂದ್ರಿ ಸರ್. ನಿಮ್ಮ ಸೈ ಬಿದ್ದ ಮ್ಯಾಲ ಮಟ್ಟಕ್ಕ ಬಂತಾ?"

"ಪರೀಕ್ಷಾ ಬರ್ದಿದ್ದು ಆಫೀಸಿಂದಾಗ್ತೈತಿ. ಎಲ್ಲಾ ಕಡಿ ಹಂಗ."

"ಕಾಲ್ಪನಿಕ ಅಂತ ಬರ್ದಿದ್ರಿ. ಅಲ್ಲೊಬ್ಬಾಕಿ ಜೀವಂತ ಹೆಣ್ಮಗಳು ಅದಾಳ, ಮೂರು ವಾರದಿಂದ ನಾನು ಆಕಿ ವಕೀಲ್ರ ಹತ್ರಾನ ಜೂನಿಯರ್ ಅದೀನಿ. ಆಕೀನ ಕಳ್ಳಿ ಮಾಡೀರಿ, ಅದೂ ನನ್ನ ಕೈಲೆ."

ವಿರೂಪಾಕ್ಷಿ ಕನ್ನಡಕ ತೆಗೆದರು. "ನೋಡವ್ವಾ, ಬುದ್ಧಿವಂತಿ ಅದಿ. ಸೋಮವಾರದಿಂದ ಬಾ, ಇಲ್ಲೇ ಕೆಲಸ ಮಾಡು. ಇಲ್ಲಾ, ಬರ್ದಾಕಿ ನಾನ ಅಂತ ಡಂಗುರ ಹೊಡಿ. ಹೊಡದ್ರ ಏನಾಗ್ತೈತಿ ಗೊತ್ತೈತೇನು? ನೀನು ನಮ್ಮ ಕಡಿ ಕೆಲಸ ಮಾಡಿದಾಕಿ ಆದಿ. ಆ ಎರ್ರಮ್ಮನ ಪರ ನಿಂದ್ರಾಕ ನಿನಗ ಬರಂಗಿಲ್ಲ. ಮೂರು ವಾರದ ವಕೀಲಿ ಅಲ್ಲಿಗೆ ಮುಗೀತು."

ಇದನ್ನು ಅವಳು ಯೋಚಿಸಿರಲಿಲ್ಲ. ಆ ಮನುಷ್ಯ ಗೆದ್ದವನಂತೆ ಕನ್ನಡಕ ಒರೆಸಿಕೊಳ್ಳುತ್ತಿದ್ದುದನ್ನು ಕಂಡು ಸಿಟ್ಟು ಮರಳಿ ಬಂತು.

"ಚಲೋ ಇದ್ದ ತಕರಾರು ಇಟ್ಕಂಡ್ರಿ. ಓಣಿ ಕೇಳಿ ಬರ್ದಾಕೀನ ಹೊರಗ ಹಾಕಿದ್ರಿ. ಈಗ ಕಳವು ಸಿಕ್ಕೈತಿ ಅಂತ ಕುರ್ಚಿ ತೋರ್ಸಾಕ ಹತ್ತೀರಿ. ಇಟ್ಕಳ್ರಿ ನಿಮ್ಮ ಕುರ್ಚಿ."

ಸಿರುಗುಪ್ಪಕ್ಕೆ ಬಂದು ಕೊಟ್ರಬಸಪ್ಪನವರಿಗೆ ನಡೆದದ್ದು ಹೇಳಿದಳು. ಅವರು ತಲೆಯಾಡಿಸಿದರು. "ಆತ ಹೇಳಿದ್ದು ಖರೇನ ಐತವ್ವಾ. ನೀನು ಪ್ರಮಾಣಪತ್ರ ಕೊಟ್ರ ಸಾಕ್ಷಿ ಆಗ್ತಿ, ಈ ಕೇಸಿನಾಗ ವಕೀಲಿ ಆಗಂಗಿಲ್ಲ. ಆತನ ಮಾತು ನಡಿಯೋ ಕಡಿ ಎಲ್ಲಾ ನಿನಗ ಬಾಗ್ಲು ಮುಚ್ತಾವ. ಕೊಡದಿದ್ರ ನಾನು ತಪ್ಪು ತಿಳಿಯಂಗಿಲ್ಲ."

"ಕೊಡ್ತೀನ್ರಿ ಸರ್. ಆ ಯಮ್ಮ ಆಲಸಿ ಅಲ್ಲ ಅಂತ ಹೇಳಾಕ ನನ್ನ ಬಿಟ್ರ ಯಾರದಾರ? ಸುಳ್ಳು ಹುಟ್ಟಿಸಿದಾಕಿ ನಾನ ಅಲ್ರಿ?"

ವಾಯಿದೆಯ ದಿನ ಜ್ಯೋತಿ ಕೋಟು ಬಿಚ್ಚಿ ಮಡಿಚಿ, ಕಕ್ಷಿದಾರರ ಸಾಲಿನಲ್ಲಿ ಕೂತಳು. ಕೊಟ್ರಬಸಪ್ಪ ಅವಳ ಪ್ರಮಾಣಪತ್ರವನ್ನೂ ಅವಳು ಜುಲೈನಲ್ಲಿ ಕಳಿಸಿದ್ದ ಇ-ಮೇಲಿನ ಪ್ರತಿಯನ್ನೂ ಮುಂದಿಟ್ಟರು. ನ್ಯಾಯಾಧೀಶರು ಎರಡನ್ನೂ ಓದಿ, ಮಿಲ್ಲಿನ ಪರ ನಿಂತ ವಿರೂಪಾಕ್ಷಿಯತ್ತ ತಿರುಗಿದರು.

"ಜೂನ್ ಮೂವತ್ತೊಂದರಂದು ನಿಮ್ಮ ಕಕ್ಷಿದಾರರು ಖುದ್ದಾಗಿ ಕಾಲುವೆ ನೋಡಿದ್ದಾರೆ. ಅದು ಯಾವ ಕ್ಯಾಲೆಂಡರಿನಲ್ಲಿದೆ?"

"ಟೈಪಿಂಗ್ ತಪ್ಪು ಸ್ವಾಮಿ."

"ಅಭ್ಯರ್ಥಿಯ ಪರೀಕ್ಷೆ ಪೇಪರಿನಲ್ಲೂ ಇದೇ ಟೈಪಿಂಗ್ ತಪ್ಪು ಇದೆಯಲ್ಲ?"

ಕೋರ್ಟು ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಜ್ಯೋತಿಗೆ ನಗು ಬರಲಿಲ್ಲ. ಒಬ್ಬ ಹೆಂಗಸಿನ ಹದಿನಾಲ್ಕು ವರ್ಷದ ದುಡಿಮೆಯನ್ನು ಅಳಿಸಿದ ಮಾತು ಈಗ ಬರಿ ಟೈಪಿಂಗ್ ತಪ್ಪಾಗಿತ್ತು. ಅದು ಅವಳ ಮೈಯನ್ನು ಮತ್ತೆ ಉರಿಸಿತು.

ಸ್ಥಳ ನೋಡಿ ಬರಲು ಕೋರ್ಟು ಒಬ್ಬ ವಕೀಲರನ್ನು ನೇಮಿಸಿತು. ಕಾಲುವೆ ಚೊಕ್ಕಾಗಿದೆ, ಮಿಲ್ಲಿನ ಪೈಪು ನೇರವಾಗಿ ಹೊಲದ ಬದುವಿಗೆ ಬಾಯಿ ತೆರೆದಿದೆ ಎಂದು ಅವರ ವರದಿ ಬಂತು. ದಾವೆ ತೀರುವವರೆಗೆ ಹೊಲಕ್ಕೆ ನೀರು ಬಿಡಕೂಡದೆಂದು ಆದೇಶವಾಯಿತು. ಸುಳ್ಳು ಪ್ರಮಾಣ ಮಾಡಿದ್ದಕ್ಕೆ ವಿವರಣೆ ಕೊಡು ಎಂದು ಹಾಲಸಿದ್ದಪ್ಪನಿಗೆ ನೋಟೀಸು ಹೋಯಿತು. ವಿರೂಪಾಕ್ಷಿಗೆ ಸದ್ಯಕ್ಕೆ ಏನೂ ಆಗಲಿಲ್ಲ. ಅವರ ಮೇಲೆ ವಕೀಲರ ಪರಿಷತ್ತಿಗೆ ದೂರು ಬರೆದಾಗ ಅಲ್ಲಿ ಪರೀಕ್ಷೆ ಬರೆದವರಲ್ಲಿ ಸೈ ಹಾಕುತ್ತೇವೆಂದವರು ಆರು ಮಂದಿ. ಕೊನೆಗೆ ಹಾಕಿದವರು ಜ್ಯೋತಿ ಮತ್ತು ಕರಿಬಸವ ಇಬ್ಬರೇ. ದೂರು ಇನ್ನೂ ವಿಚಾರಣೆಗೆ ಬಂದಿಲ್ಲ. ಬಳ್ಳಾರಿ ಕೋರ್ಟಿಗೆ ಹೋದರೆ ಕೆಲವರು ಅವಳನ್ನು ಕಂಡು ಮಾತು ನಿಲ್ಲಿಸುತ್ತಾರೆ. ಅವಳು ನಿಲ್ಲದೆ ನಡೆದುಹೋಗುತ್ತಾಳೆ.

ದಸರೆ ಕಳೆದ ಮೇಲೆ ಎರ್ರಮ್ಮ ಆಫೀಸಿಗೆ ಬಂದಳು. ಅಷ್ಟು ದಿನ ಅವಳು ಜ್ಯೋತಿಯ ಜೊತೆ ಮಾತಾಡಿರಲಿಲ್ಲ. ಜೊತೆಗೆ ವೀರಭದ್ರಮ್ಮ ಎಂಬ ಮುದುಕಿ ಇದ್ದಳು. ಮನೆಯ ದಾರಿಗೆ ಪಕ್ಕದವರು ಗೋಡೆ ಹಾಕಿದ್ದರಂತೆ.

"ಈಕೀಗೆ ಹೇಳು," ಎಂದು ಎರ್ರಮ್ಮ ಮುದುಕಿಯನ್ನು ಜ್ಯೋತಿಯ ಮುಂದೆ ಕೂರಿಸಿದಳು. "ನನ್ನ ಮ್ಯಾಲ ಬರ್ದಿದ್ದು ನನಗಿನ್ನಾ ಹೊಟ್ಟ್ಯಾಗ ಐತಿ. ಆದ್ರ ಬರೀತಾಳ ನೋಡು, ಕೇಳಿದವ್ರಿಗೆ ಚುರ್ ಅಂತೈತಿ."

ಕೊಟ್ರಬಸಪ್ಪ ಹೊಸ ವಕಾಲತ್ತಿನ ಹಾಳೆಯನ್ನು ಅವಳತ್ತ ಸರಿಸಿದರು. "ನಿನ್ನ ಹೆಸ್ರ ಹಾಕ್ಕಳವ್ವಾ."

ಜ್ಯೋತಿ ಹೆಸರು ಬರೆದಳು. ವೀರಭದ್ರಮ್ಮ ಗೋಡೆ ಎಷ್ಟೆತ್ತರ, ಯಾವಾಗ ಕಟ್ಟಿದರು ಎಂದು ಹೇಳತೊಡಗಿದಳು. ಜ್ಯೋತಿ ಪೆನ್ನು ಕೆಳಗಿಟ್ಟಳು.

"ಈಗ ಬರಿಯಂಗಿಲ್ಲ ಯಮ್ಮಾ. ನಾಳಿ ಮುಂಜಾನಿ ನಿಮ್ಮ ಮನೀಗೆ ಬರ್ತೀನಿ, ಅಳತಿ ಟೇಪ್ ತಗಂಡು. ಗ್ವಾಡಿ ತೋರಸ್ರಿ."