ಕಥೆಗೊಂದು ಹಿಡಿ ಎಲೆ

ಕಟ್ಟಬೆಟ್ಟಿನ ಅಮೃತಾ ಪುಸ್ತಕ ಓದಿ ಕ್ಯಾಸೆಟ್ಟಿಗೆ ತುಂಬಿಸುತ್ತಿದ್ದಳು. ಓದುವುದು ಕನ್ನಡದ ಕಾದಂಬರಿ; ಸುತ್ತಲಿನ ಬೆಟ್ಟದ ಹಟ್ಟಿಗಳಲ್ಲಿದ್ದ ಬಡಗರಿಗೆ ತಿಳಿಯದ ಕಡೆ ನಿಲ್ಲಿಸಿ ಅವರದೇ ಬಡಗ ಮಾತಿನಲ್ಲಿ ಬಿಡಿಸಿ ಹೇಳುವಳು. ಕ್ಯಾಸೆಟ್ಟುಗಳು ಫ್ಯಾಕ್ಟರಿಗೆ ಚಹಾ ಎಲೆ ತೂಗಿ ಕೊಳ್ಳುವ ಲೀಫ್ ಶೆಡ್ಡಿನ ಡಬ್ಬದಲ್ಲಿರುತ್ತಿದ್ದವು. ಯಾರು ಬೇಕಾದರೂ ಒಯ್ಯಬಹುದು, ಕೇಳಿ ಮುಂದಿನ ಹಟ್ಟಿಗೆ ದಾಟಿಸಬಹುದು, ಬಿಡಿಕಾಸು ಕೊಡಬೇಕಿಲ್ಲ. ಮನಸ್ಸು ಬಂದವರು ತಾವು ಕಿತ್ತ ಚಹಾ ಎಲೆಯಲ್ಲಿ ಒಂದು ಹಿಡಿಯನ್ನು ಮೊಳೆಗೆ ನೇತುಹಾಕಿದ್ದ ಕಥೆಯ ಚೀಲಕ್ಕೆ ಹಾಕುತ್ತಿದ್ದರು. ಶೆಡ್ಡಿನ ಭೋಜನ್ ಅದನ್ನು ತೂಗಿ ಕೊಟ್ಟ ದುಡ್ಡಿನಲ್ಲಿ ಅವಳ ಖಾಲಿ ಕ್ಯಾಸೆಟ್ಟು, ಬ್ಯಾಟರಿ ಎಲ್ಲ ಬರುತ್ತಿತ್ತು. ಆರು ವರ್ಷ ಹೀಗೇ ನಡೆದಿತ್ತು, ಅವಳ ಪುಣ್ಯ.

ಎರಡು ಸಾವಿರದ ಇಸವಿಯಲ್ಲಿ ಎಲೆಯ ಬೆಲೆ ನೆಲಕಚ್ಚಿತು. ಮುದಿ ಎಲೆ ಕಂಡರೆ ಸಾಕು, ಫ್ಯಾಕ್ಟರಿಯವರು ಇಡೀ ಚೀಲವನ್ನೇ ವಾಪಸು ಮಾಡತೊಡಗಿದರು. ಇಂಥ ಕಾಲದಲ್ಲಿ ಜನರ ಹಿಡಿ ಎಲೆಗೂ ಕೈಯೊಡ್ಡುವುದೇ ಎನ್ನಿಸಿತು ಅಮೃತಾಳಿಗೆ. ಓದುತ್ತಿದ್ದ ಪುಸ್ತಕವನ್ನು ಅರ್ಧಕ್ಕೇ ಮುಚ್ಚಿಟ್ಟು, ಚೀಲ ಕಳಚಿ ತರಲು ಶೆಡ್ಡಿಗೆ ನಡೆದಳು.

ಅಲ್ಲಿ ಭೋಜನ್ ಎಲೆಯನ್ನು ಟಾರ್ಪಾಲಿನ ಮೇಲೆ ಸುರಿದು ನೋಡುತ್ತಿದ್ದ. ಎಪ್ಪತ್ತರ ಮುದುಕಿ ಲಿಂಗಿಯ ಚೀಲ ವಾಪಸು. ಅವಳ ಹಿಂದೆ ನಿಂತವರದೂ ವಾಪಸು. ಕೊನೆಗೆ ಕಥೆಯ ಚೀಲ ಸುರಿದು ಬೆರಳಾಡಿಸಿದ. ಹುಡುಕಿದರೂ ಒಂದು ಮುದಿ ಎಲೆಯಿಲ್ಲ, ಎಲ್ಲ ಎರಡೆಲೆ ಒಂದು ಮೊಗ್ಗಿನ ಎಳೆ ಕುಡಿ.

"ಯಾವತ್ತೂ ಹೀಗೇ ಅಕ್ಕಾ," ಎಂದ ಭೋಜನ್. "ನಿಮಗೆ ಹೇಳಬೇಡ ಅಂದಿದ್ದರು."

ಅಮೃತಾಳಿಗೆ ಮೊದಲು ಬಂದದ್ದು ಸಿಟ್ಟು. ಇವರಿಗೇನು ತಲೆ ನೆಟ್ಟಗಿದೆಯೇ, ಒಳ್ಳೆಯದನ್ನೆಲ್ಲ ಆರಿಸಿ ತನಗೆ ಹಾಕಿ, ತಾವು ಬರಿಗೈಯಲ್ಲಿ ಮನೆಗೆ ಹೋಗುವುದೇ? ಎರಡೂ ಕೈಯಲ್ಲಿ ಕುಡಿ ಬಾಚಿ ಲಿಂಗಿಯ ಚೀಲಕ್ಕೆ ಸುರಿಯಹೋದಳು. ಮುದುಕಿ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಿನಗೆ ಕೊಟ್ಟಿದ್ದರೆ ನೀ ವಾಪಸು ಕೊಡು ಅವ್ವಾ. ಇದು ನಿನಗೆ ಕೊಟ್ಟದ್ದಲ್ಲ. ನಮ್ಮ ಮೇಲಿನ ಹಟ್ಟಿಯ ಜೋಗಮ್ಮ ಹಾಸಿಗೆ ಹಿಡಿದು ನಾಲ್ಕು ತಿಂಗಳಾಯಿತು. ಅವಳಂಥವರಿಗೆ ಕಥೆ ನಿಲ್ಲಬಾರದು ಅಂತ ಹಾಕಿದ್ದು."

ಅಮೃತಾಳ ಕಣ್ಣು ತುಂಬಿ ಬಂತು. ಇಷ್ಟು ದಿನ ಕೊಡುತ್ತಿದ್ದವಳು ತಾನೊಬ್ಬಳೇ ಎಂದು ಎಷ್ಟು ಬೀಗಿದ್ದಳು. ಇಂಥವರಿಗೆ ಓದುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಎನ್ನಿಸಿ, ಕುಡಿಗಳನ್ನು ಮೆಲ್ಲಗೆ ಟಾರ್ಪಾಲಿನ ಮೇಲೇ ಇಟ್ಟಳು.

"ಜೋಗಮ್ಮ ಎಲ್ಲಿವರೆಗೆ ಕೇಳಿದ್ದಾಳೆ?"

"ಕಥೆಯಲ್ಲಿ ಆ ಮಗಳಿಗೆ ಕಾಗದ ಬಂತಲ್ಲ, ಅಲ್ಲಿವರೆಗೆ. ಒಡೆದು ಓದುವ ಮೊದಲೇ ಕ್ಯಾಸೆಟ್ ಮುಗಿದುಹೋಯಿತು. ಅದರಲ್ಲಿ ಏನಿದೆ ಅಂತ ದಿನವೂ ನನ್ನನ್ನು ಕೇಳುತ್ತಾಳೆ."

ಅಮೃತಾ ಮನೆಗೆ ಬಂದವಳು ಒಲೆ ಹಚ್ಚುವ ಮೊದಲೇ ಪುಸ್ತಕ ಬಿಡಿಸಿ, ರೆಕಾರ್ಡರಿನ ಕೆಂಪು ಗುಂಡಿ ಒತ್ತಿ, ಜೋಗಮ್ಮನಿಗಾಗಿ ಆ ಕಾಗದ ಓದಿದಳು.